ಊಟದ ರೂಮಿನ ಬೀಗ

ಸಮಾಜಸೇವೆಯ ಯೋಜನೆಗಳಿಂದ ಜನಕ್ಕೆ ಎಷ್ಟು ಉಪಯೋಗವಾಯಿತು ಅಂತ ಊರೂರು ಸುತ್ತಿ ವರದಿ ಬರೆಯುವುದು ನನ್ನ ಕೆಲಸ. ಇದರಲ್ಲೊಂದು ಮಾಯೆಯಿದೆ. ಹುಣಸೂರಿನಲ್ಲಿ ಬಸ್ಸು ಹತ್ತಿ ಕಿಟಕಿಗೆ ತಲೆಯಾನಿಸಿದರೆ, ಹೊಗೆಸೊಪ್ಪಿನ ಹೊಲಗಳು ಮಂಜಿನಲ್ಲಿ ತೇಲುವುದನ್ನು ನೋಡುತ್ತಾ ಜೊಂಪು ಹತ್ತುತ್ತದೆ. ಎಚ್.ಡಿ. ಕೋಟೆಯಲ್ಲಿ ಕಣ್ಣು ಬಿಡುವಷ್ಟರಲ್ಲಿ ಯೋಜನೆಯೇ ಬದಲಾಗಿರುತ್ತದೆ. ಕೈಯಲ್ಲಿರುವ ಪ್ರಶ್ನೆಗಳು ಮಾತ್ರ ಸಾಲುವುದೇ ಇಲ್ಲ. ಕೋಟೆಯಾಚೆಯ ಒಂದೇ ಹಳ್ಳಿಗೆ ಮೂರು ಸಲ ಹೋದಾಗಲೂ ಹೆಚ್ಚುಕಡಿಮೆ ಹೀಗೇ ಆಯಿತು.

೧. ರುಚಿ

ಮೊದಲ ಸಲ ಹೋದಾಗ ಯೋಜನೆ ಸರಳವಾಗಿತ್ತು: ವಯಸ್ಸಾದವರಿಗೆ ಒಂದು ರೂಮಿನಲ್ಲಿ ಮಧ್ಯಾಹ್ನದ ಊಟ. ಗೋಡೆಗೊರಗಿ ಹನ್ನೆರಡು ಜನ ಕನಸು ಕಾಣುವವರ ಹಾಗೆ ಕೂತಿದ್ದರು. ತುದಿಯಲ್ಲಿದ್ದ ಅಜ್ಜಿಯನ್ನು ಕೇಳಿದೆ, "ಊಟ ಹೇಗಿರುತ್ತಜ್ಜಿ, ಇವತ್ತಿನದು?"

"ಸಂದಾಗೈತೆ ಕಣವ್ವ."

"ಇನ್ನೂ ಬಂದೇ ಇಲ್ಲವಲ್ಲ!"

"ಬಂದ್ಮ್ಯಾಕೆ ಕೇಳಿದ್ರೆ ಸುಳ್ಳು ಹೇಳ್ಬೇಕಾಯ್ತದೆ. ಈಗ್ಲೇ ಬರ್ಕಂಡ್ಬುಡು."

೨. ವಿಳಾಸ

ಎರಡನೇ ಸಲ ಹೋಗುವಷ್ಟರಲ್ಲಿ ಊಟವನ್ನು ಡಬ್ಬಿಯಲ್ಲಿ ಮನೆಮನೆಗೇ ಕಳಿಸುತ್ತಿದ್ದರು. "ರೂಮು ಈಗ ಖಾಲಿ ಇರತ್ತಲ್ಲ, ಖಾಲಿ ಅಂತ ಬರೆದುಬಿಡಿ ಮೇಡಂ, ಬೀಗ ಹಾಕಿಸೋಣ" ಎಂದು ಆಫೀಸಿನಿಂದ ಫೋನು. ಮನೆಮನೆ ಸುತ್ತಿದೆ. ಎಲ್ಲ ಬಾಗಿಲೂ ಮುಚ್ಚಿದ್ದವು. ಕೊನೆಗೆ ನೋಡಿದರೆ ಹನ್ನೆರಡೂ ಜನ, ಮನೆಗೆ ಬಂದ ಡಬ್ಬಿ ಎತ್ತಿಕೊಂಡು, ಅದೇ ರೂಮಿನಲ್ಲಿ, ಅದೇ ಗೋಡೆಗೊರಗಿ ಉಣ್ಣುತ್ತಿದ್ದಾರೆ!

"ಮನೆಗೇ ಬರುತ್ತಲ್ಲ ತಾತ, ಯಾಕೆ ಹೊತ್ಕೊಂಡು ಬರ್ತೀರಿ?"

ಬಾಗಿಲ ಬಳಿ ಕೂತಿದ್ದ ತಾತ ಮುದ್ದೆ ಮುರಿಯುವುದು ಬಿಟ್ಟು ನನ್ನನ್ನೇ ನೋಡಿದರು. "ಮನೇಲಿ ಒಬ್ನೇ ಉಂಡ್ರೆ, ಸಾರಿಗೆ ಉಪ್ಪಿಲ್ಲ ಅಂತ ಯಾರ್ತಾವ ಬೈಯಾನವ್ವ?"

ನನ್ನ ಪ್ರಶ್ನೆಪತ್ರದಲ್ಲಿ ಇದ್ದದ್ದು ಒಂದೇ ಸಾಲು: ಊಟ ಮನೆಗೆ ತಲುಪಿತೇ? ತಲುಪಿತ್ತು. ಅಲ್ಲಿ ನಿಲ್ಲಲಿಲ್ಲ, ಅಷ್ಟೇ. "ರೂಮು ಖಾಲಿಯಿಲ್ಲ" ಎಂದು ಅಂಚಿನಲ್ಲಿ ಬರೆದೆ. ಅಂಚನ್ನು ಯಾರು ಓದುತ್ತಾರೆ?

೩. ಫಲಾನುಭವಿ

ಮೂರನೇ ಸಲ ಆಫೀಸಿನ ಸಾಹೇಬರೇ ಜೊತೆಗೆ ಬಂದರು, ಚೀಲದಲ್ಲಿ ಹೊಸ ಬೀಗ. "ಇದ್ದದ್ದು ಇದ್ದ ಹಾಗೆ ಹೇಳಿ, ಇಲ್ಲದಿದ್ದರೆ ರೂಮು ಹೋಗತ್ತೆ" ಅಂತ ತುದಿಯ ಅಜ್ಜಿಗೆ ಹೋದ ಸಲವೇ ಹೇಳಿಟ್ಟಿದ್ದೆ.

"ಊಟ ಎಲ್ಲಿ ಮಾಡ್ತೀರಿ?" ಎಂದರು ಸಾಹೇಬರು.

"ಮನೇಲೇ ಸ್ವಾಮಿ," ಎಂದರು ಹನ್ನೆರಡೂ ಜನ ಒಟ್ಟಿಗೆ. ರೂಮಿನಲ್ಲೇ ಕೂತು, ಡಬ್ಬಿ ತೆರೆದಿಟ್ಟುಕೊಂಡು! ದೊಡ್ಡವರು ಕೇಳಿದರೆ ಅವರಿಗೆ ಬೇಕಾದದ್ದನ್ನೇ ಹೇಳುವುದು ಅವರ ಹಳೇ ಮರ್ಯಾದೆ.

"ಮತ್ತೆ ಈ ರೂಮು ಯಾಕೆ?" ಸಾಹೇಬರು ಬೀಗ ಹೊರತೆಗೆದರು.

ಅಜ್ಜಿ ಬೀಗ ನೋಡಿದರು, ನನ್ನ ಮುಖ ನೋಡಿದರು. "ಇದು ನಮ್ಗಲ್ಲ ಸ್ವಾಮಿ, ಈ ಅವ್ವಂಗೆ. ಓದ್ಕಂಡಿರೋ ಎಣ್ಮಗಳು, ಪಾಪ, ಬಸ್ಸಲ್ಲಿ ತೂಕಡಿಸ್ಕಂಡು ಬತ್ತದೆ. ಇದಕ್ಕೊಂದು ಕೆಲ್ಸ ಇರ್ಲಿ ಅಂತಾನೇ ಅಲ್ವಾ ನೀವು ಈ ಸ್ಕೀಮು ಮಾಡಿರಾದು? ದಿನಾ ಬಂದು ಕೂತಿರ್ತೀವಿ, ಇದು ಬಂದಾಗ ಪ್ರಶ್ನೆ ಕೇಳಕ್ಕೆ ಜನ ಇರ್ಲಿ ಅಂತ. ನೀವು ಬೀಗ ಹಾಕ್ಬುಟ್ರೆ ಇದರ ಗತಿ?"

ಸಾಹೇಬರು ನಕ್ಕ ರಭಸಕ್ಕೆ ಬೀಗ ಕೈಯಿಂದ ಜಾರಿ ಸಾರಿನ ಡಬ್ಬಿಗೆ ಬಿತ್ತು. ಅದನ್ನು ತೊಳೆದು ಚೀಲಕ್ಕೆ ಹಾಕಿಕೊಂಡು, ಅಲ್ಲೇ ಕೂತು ಅರ್ಧ ಮುದ್ದೆ ಉಂಡು, ನನ್ನ ವರದಿ ಈಸಿಕೊಂಡರು. 'ರೂಮು ಮುಂದುವರಿಯಲಿ' ಎಂದು ಬರೆದು ಸಹಿ ಹಾಕಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅರೆನಿದ್ದೆಯಲ್ಲಿ ವರದಿ ತೆರೆದೆ. 'ಫಲಾನುಭವಿಗಳು: ಹನ್ನೆರಡು' ಎಂದು ನಾನು ಬರೆದದ್ದನ್ನು ಹೊಡೆದು, ಸಾಹೇಬರು ಹದಿಮೂರು ಮಾಡಿದ್ದರು.