ನಮ್ಮ ಮನೆಯ ಮಡಿ ಕೋವಿ

ನಮ್ಮ ಭಾವನ ಹತ್ತಿರ ಕೋವಿ ಇದೆಯೆಂಬುದು ಪುತ್ತಿಗೆಯ ಮಂಗಗಳಿಗೆಲ್ಲ ಗೊತ್ತು. ಅದಕ್ಕೇ ಅವು ಅಷ್ಟು ಧೈರ್ಯವಾಗಿ ನಮ್ಮ ಹಿತ್ತಿಲಿಗೇ ಬರುವುದು!

ನಗಬೇಡಿ. ಬೇರೆಯವರ ಹಿತ್ತಿಲಲ್ಲಿ ಕಲ್ಲು ಬೀಳುತ್ತದೆ, ನಾಯಿ ನುಗ್ಗುತ್ತದೆ, ಪಟಾಕಿ ಸಿಡಿಯುತ್ತದೆ. ಯಾವಾಗ ಏನೆಂದು ಹೇಳಲಿಕ್ಕಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಎಲ್ಲವೂ ಕಾನೂನು ಪ್ರಕಾರವೇ ಆಗಬೇಕು. ಕಾನೂನು ಬಂದು ಮುಟ್ಟುವಷ್ಟರಲ್ಲಿ ಒಂದು ಗೊನೆ ಬಾಳೆಹಣ್ಣು ಆರಾಮವಾಗಿ ಮುಗಿಸಬಹುದು ಎಂಬುದು ಆ ಪ್ರಾಣಿಗಳಿಗೆ ಅನುಭವದಿಂದ ತಿಳಿದುಹೋಗಿದೆ.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಮದುವೆಯಾದವರಲ್ಲ. ಯಾಕೆ ಆಗಲಿಲ್ಲ ಎಂದು ನಾನು ಈ ಮನೆಗೆ ಬಂದ ಹೊಸದರಲ್ಲಿ ಅತ್ತೆಯನ್ನು ಕೇಳಿದ್ದೆ. "ಹೆಣ್ಣು ನೋಡ್ಲಿಕ್ಕೆ ಹೋದಲ್ಲಿ ಹುಡುಗಿಗೆ ಹದಿನೆಂಟು ತುಂಬಿದ್ದಕ್ಕೆ ದಾಖಲೆ ಕೇಳಿದ. ಹುಡುಗಿಗೆ ಇಪ್ಪತ್ತಾರಾಗಿತ್ತು. ಅವಳ ಅಪ್ಪನಿಗೆ ಸಿಟ್ಟು ಬಂತು" ಎಂದಿದ್ದರು ಅತ್ತೆ, ಅಕ್ಕಿ ಆರಿಸುತ್ತಾ. ಅಷ್ಟು ನಿಯಮದವರು ನಮ್ಮ ಭಾವ! ಈಗಲೂ ರಸ್ತೆಯಲ್ಲಿ ನಡೆದುಕೊಂಡು ಹೋಗುವಾಗ ತಿರುವು ಬಂದರೆ ಕೈ ತೋರಿಸಿಯೇ ತಿರುಗುತ್ತಾರೆ.

ಅಂಥವರ ಕೈಯಲ್ಲಿ ಕೋವಿ! ಬೆಳೆ ರಕ್ಷಣೆಗೆಂದು ಪ್ರಾಯಕಾಲದಲ್ಲಿ ಲೈಸೆನ್ಸ್ ಮಾಡಿಸಿದ ಒಂಟಿ ನಳಿಕೆಯ ಕೋವಿ. ಅದರಿಂದ ಇದುವರೆಗೆ ಒಂದು ಕಾಗೆಯೂ ಸತ್ತಿಲ್ಲ. ಮಂಗ ಬಂದರೆ ಆಕಾಶಕ್ಕೆ ಗುರಿಯಿಟ್ಟು ಒಂದು "ಢಂ". ಅಷ್ಟೇ. ಆಕಾಶಕ್ಕೂ ಪೆಟ್ಟಾಗದ ಹಾಗೆ, ಮೋಡ ಇಲ್ಲದ ಕಡೆ ನೋಡಿ ಹೊಡೆಯುತ್ತಾರೆಂದು ಯಜಮಾನರು ತಮಾಷೆ ಮಾಡುವುದುಂಟು.

ಮನೆ, ಗದ್ದೆ ಎಲ್ಲ ಯಜಮಾನರ ಹೆಸರಿನಲ್ಲಿದೆ. "ಸಂಸಾರ ಇರುವವನ ಹೆಸರಿಗಿರಲಿ" ಎಂದು ಭಾವನೇ ಹಾಗೆ ಮಾಡಿಸಿದ್ದು. ರೇಶನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ನಾನು. ಭಾವನ ಹೆಸರಿಗೆ ಇರುವುದು ಕೋವಿ ಒಂದೇ. ಯಜಮಾನರು ಬೆಳಿಗ್ಗೆ ಮೂಡುಬಿದಿರೆ ಪೇಟೆಯ ಟೈಲ್ಸ್ ಅಂಗಡಿಗೆ ಹೋಗುತ್ತಾರೆ, ನಾನು ದೇವರ ದೀಪ ಹಚ್ಚಿ ಒಲೆಯ ಬುಡಕ್ಕೆ ಹೋಗುತ್ತೇನೆ, ಭಾವ ಚಹಾ ಕುಡಿದು ಹಿತ್ತಿಲಿನ ತರಕಾರಿ ಸಾಲಿಗೆ ಒಂದು ಸುತ್ತು ಬರುತ್ತಾರೆ. ಗಡಿ ಕಾಯುವವರ ಸುತ್ತು ಅದು. ವರ್ಷ ವರ್ಷ ನಿಯಮ ಬದಲಾಗುತ್ತಾ ಬಂದ ಹಾಗೆ ಊರಿನಲ್ಲಿ ಒಬ್ಬೊಬ್ಬರೇ ಕೋವಿಯನ್ನು ಸರಕಾರಕ್ಕೆ ಒಪ್ಪಿಸಿ ಕೈತೊಳೆದುಕೊಂಡರು. "ನೀನೂ ಕೊಟ್ಟುಬಿಡು ಅಣ್ಣ, ಯಾಕೆ ಈ ರಗಳೆ?" ಎಂದರು ಯಜಮಾನರು.

"ಕೋವಿ ಕೊಟ್ಟರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗುವುದು?" ಎಂದರು ಭಾವ.

ಯಜಮಾನರು ಮತ್ತೆ ಆ ಮಾತೆತ್ತಲಿಲ್ಲ. ಹಾಗಾಗಿ ಆ ಕೋವಿಯನ್ನು ಉಳಿಸಿಕೊಳ್ಳುವುದೇ ನಮ್ಮ ಮನೆಯ ದೊಡ್ಡ ಕಾರ್ಯಕ್ರಮವಾಯಿತು.

ಮೊದಲ ಪೆಟ್ಟು ಬಿದ್ದದ್ದು ಠಾಣೆಯಲ್ಲಿ ಕರೆದ ಸಭೆಯಿಂದ. ಕೋವಿ ಇರುವವರನ್ನೆಲ್ಲ ಕೂರಿಸಿ, ಕೋವಿ ಮತ್ತು ಗುಂಡನ್ನು ಒಟ್ಟಿಗೆ ಇಡಬಾರದು, ಬೇರೆಬೇರೆಯಾಗಿ ಬೀಗ ಹಾಕಿಡಬೇಕು ಎಂದರಂತೆ. ಉಳಿದವರು ಮನೆಗೆ ಹೋಗಿ ಗುಂಡನ್ನು ಇನ್ನೊಂದು ಕಪಾಟಿನಲ್ಲಿಟ್ಟರು. ನಮ್ಮ ಭಾವ? ಮಂಗಗಳ ದಂಡು ಬಂದ ದಿನ ನನಗೆ ವಿಷಯ ಗೊತ್ತಾಯಿತು.

"ಭಾವ, ಹೊಡೆಯಿರಿ! ಸೌತೆಕಾಯಿ ಎಲ್ಲ ಹೋಯಿತು!"

"ಗುಂಡು ಇಲ್ಲ."

"ಎಲ್ಲಿ ಹೋಯಿತು?"

"ನಾರಾವಿಯಲ್ಲುಂಟು. ತಂಗಿಯ ಟ್ರಂಕಿನಲ್ಲಿ."

ನಾನು ಅಲ್ಲೇ ಮೆಟ್ಟಿಲಲ್ಲಿ ಕೂತೆ. "ನಮ್ಮದೇ ಇನ್ನೊಂದು ಕಪಾಟು ಸಾಕಿತ್ತಲ್ಲ ಭಾವ?"

"ಕಳ್ಳ ಬಂದರೆ ಎರಡು ಕಪಾಟೂ ಒಂದೇ ಮನೆಯಲ್ಲಿ ಸಿಗ್ತದಲ್ಲ? ಆಗ ಬೇರೆಬೇರೆ ಇಟ್ಟು ಏನು ಪ್ರಯೋಜನ?" ಎಂದು ಅಂಗಿ ಹಾಕಿಕೊಂಡು ನಾರಾವಿ ಬಸ್ಸಿಗೆ ಹೊರಟೇಬಿಟ್ಟರು. ನಮ್ಮ ನಾದಿನಿ ಅಣ್ಣನನ್ನು ಊಟ ಹಾಕದೆ ಬಿಡುತ್ತಾಳೆಯೇ? ಊಟ, ನಿದ್ದೆ, ಚಹಾ ಎಲ್ಲ ಮುಗಿಸಿ ಸಂಜೆ ಗುಂಡಿನ ಜೊತೆಗೆ ಒಂದು ಹಲಸಿನಹಣ್ಣು ಹೊತ್ತು ತಂದರು. ಮಂಗಗಳು ಕಾದು ಕಾದು ಬೇಸರವಾಗಿ ಹೋಗಿದ್ದವು. "ಈಗ ಹೊಡೆಯುವ ಹಾಗಿಲ್ಲ. ಲೈಸೆನ್ಸ್ ಇರುವುದು ಬೆಳೆ ರಕ್ಷಣೆಗೆ. ಈಗ ಬೆಳೆಗೆ ಅಪಾಯ ಇಲ್ಲ" ಎಂದರು. ನಿಜ, ಬೆಳೆಯೇ ಇರಲಿಲ್ಲ! ಹಲಸಿನಹಣ್ಣು ಮಾತ್ರ ಬಹಳ ಸಿಹಿಯಾಗಿತ್ತು. ದೇವರು ಒಂದು ಕೈಯಲ್ಲಿ ಸೌತೆಕಾಯಿ ತೆಗೆದುಕೊಂಡರೆ ಇನ್ನೊಂದು ಕೈಯಲ್ಲಿ ಹಲಸು ಕೊಡುತ್ತಾನೆ ಎಂದು ನಾನು ಅದರ ಬೀಜವನ್ನೂ ತೊಳೆದು ಒಣಗಿಸಿಟ್ಟೆ.

ಇಷ್ಟಕ್ಕೇ ಮುಗಿಯಲಿಲ್ಲ. ಲೈಸೆನ್ಸ್ ಇಲ್ಲದವರ ಮನೆಯಲ್ಲಿ ಗುಂಡು ಇಡುವುದೇ ಅಪರಾಧ ಎಂದು ಯಾರೋ ಹೇಳಿದರು. ಮರುದಿನ ಬೆಳಿಗ್ಗೆ ಭಾವ ಚೀಲ ಹಿಡಿದು ಠಾಣೆಗೆ ಹೋಗಿ ಎಸ್.ಐ. ಎದುರು ನಿಂತರು. ಚೀಲದಲ್ಲಿ ಮೈ ಒರೆಸುವ ಒಂದು ಬೈರಾಸು, ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಶ್ಶು.

"ಬ್ರಶ್ ಯಾಕೆ ಅಜ್ಜ?" ಎಂದು ಕೇಳಿದರಂತೆ ಎಸ್.ಐ.

"ಒಳಗೆ ಹಾಕುವುದಾದರೆ ಬೇಕಲ್ಲ ಸಾರ್."

ಎಸ್.ಐ. ನಕ್ಕು, ಚಹಾ ತರಿಸಿ ಕುಡಿಸಿ, ಮನೆಯಲ್ಲೇ ಗೋಡೆಗೆ ಬಿಗಿದ ಕಬ್ಬಿಣದ ಕಪಾಟಿನಲ್ಲಿ ಕೋವಿ ಇಡಿ, ಗುಂಡಿಗೆ ಬೇರೆ ಪೆಟ್ಟಿಗೆ ಮಾಡಿ ಎಂದು ತಿಳಿಹೇಳಿ ಕಳುಹಿಸಿದರು. ಜೈಲಿನ ಬಾಗಿಲಿನ ತನಕ ಹೋದವರು ಊಟದ ಹೊತ್ತಿಗೆ ಮನೆಯಲ್ಲಿದ್ದರು. ಇದು ಸಣ್ಣ ದಯೆಯೇ?

ಕಪಾಟು ಬಿ.ಸಿ.ರೋಡಿನಿಂದ ಟೆಂಪೋದಲ್ಲಿ ಬಂತು. ಆಳೆತ್ತರದ್ದು! ಬಿಗಿಯಲಿಕ್ಕೆ ಬಂದವನು ನಮ್ಮ ಹೊಸ ಗೋಡೆಗಳನ್ನೆಲ್ಲ ಕುಟ್ಟಿ ನೋಡಿ ತಲೆಯಾಡಿಸಿದ. ಬೋಲ್ಟ್ ಹಿಡಿಯುವಷ್ಟು ದಪ್ಪದ ಹಳೆಯ ಮುರಕಲ್ಲಿನ ಗೋಡೆ ಮನೆಯಲ್ಲಿ ಇದ್ದದ್ದು ಒಂದೇ ಕಡೆ. ದೇವರ ಕೋಣೆಯಲ್ಲಿ!

"ಆಗಲಿ, ದೇವರಿಗೂ ಒಂದು ಕಾವಲಾಯಿತು" ಎಂದು ನಾನು ಒಪ್ಪಿದೆ. ಆದರೆ ಒಂದು ಮಾತು ಖಂಡಿತವಾಗಿ ಹೇಳಿದೆ. ಸ್ನಾನ ಮಾಡದೆ ಆ ಕೋಣೆಗೆ ಯಾರೂ ಕಾಲಿಡುವ ಹಾಗಿಲ್ಲ. ಅತ್ತೆಯ ಕಾಲದಿಂದ ನಡೆದುಬಂದ ಕ್ರಮ. ಭಾವ ತಕ್ಷಣ ತಲೆಯಾಡಿಸಿದರು. ಸರಕಾರದ ನಿಯಮವನ್ನೇ ಮೀರದವರು ದೇವರ ನಿಯಮ ಮೀರುತ್ತಾರೆಯೇ?

ಇದರ ಪರಿಣಾಮವನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಭಾವ ಬೆಳಗಿನ ಸ್ನಾನ ಮುಗಿಸಿದರೂ, ಸುತ್ತು ಬರುವಾಗ ಗೊಬ್ಬರ ಮುಟ್ಟಿ, ನಾಯಿ ಮುಟ್ಟಿ ಮೈಲಿಗೆಯಾಗಿರುತ್ತಿದ್ದರು. ಮಂಗ ಬರುವುದು ಅದೇ ಹೊತ್ತಿಗೆ. ಮಂಗ ಬಂತೆಂದು ನಾನು ಕೂಗಿದರೆ ಭಾವ ಓಡುತ್ತಿದ್ದದ್ದು ಕೋವಿಯ ಕಡೆಗಲ್ಲ, ಬಾವಿಯ ಕಡೆಗೆ! ಕೊಡಪಾನ ಇಳಿಸಿ, ನೀರು ಸೇದಿ, ತಲೆಗೆ ಸುರಿದು, ಒಗೆದ ಪಂಚೆ ಉಟ್ಟು, ದೇವರಿಗೆ ಕೈಮುಗಿದು, ಕಪಾಟು ತೆಗೆದು, ಇನ್ನೊಂದು ಪೆಟ್ಟಿಗೆಯಿಂದ ಗುಂಡು ತೆಗೆದು ಹೊರಗೆ ಬರುವಾಗ ಮಂಗಗಳು ಹಿತ್ತಿಲ ಪಾಗಾರದ ಗೋಡೆಯ ಮೇಲೆ ಸಾಲಾಗಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದವು. ಅವುಗಳಲ್ಲೊಂದು ಮುದಿ ಗಡವ ಭಾವ ಸ್ನಾನ ಮಾಡುವುದನ್ನೇ ನೋಡುತ್ತಾ ಕೂತಿರುತ್ತಿತ್ತು. ಕೊನೆಯ ಕೊಡಪಾನ ಸುರಿದದ್ದೇ ಎದ್ದು ಪಾಗಾರ ಹತ್ತಿದರೆ, ಉಳಿದವೂ ಅದರ ಹಿಂದೆ. ಎಂಥ ಲೆಕ್ಕಾಚಾರ ನೋಡಿ! ಆ ಮಳೆಗಾಲದಲ್ಲಿ ಭಾವನಿಗೆ ಶೀತವಾಗಿ, ಕೋವಿ ಹೊಡೆಯುವ ಮೊದಲೇ ಸೀನಿದರು. ಮಂಗಗಳು ಎದ್ದೆವೋ ಬಿದ್ದೆವೋ ಎಂದು ಓಡಿದವು. ಗುಂಡು ಉಳಿಯಿತು! ಅದಕ್ಕೂ ಒಂದು ಊದುಬತ್ತಿ ಹೆಚ್ಚು ಹಚ್ಚಿದೆ.

ಇನ್ನು ಚುನಾವಣೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟುಬರಬೇಕು. ಪಂಚಾಯತಿನದ್ದು, ವಿಧಾನಸಭೆಯದ್ದು, ಲೋಕಸಭೆಯದ್ದು ಎಂದು ಒಂದರ ಹಿಂದೆ ಒಂದು. ನಮ್ಮ ಕೋವಿ ಮನೆಯಲ್ಲಿ ಇದ್ದದ್ದಕ್ಕಿಂತ ಪೊಲೀಸರ ಜೊತೆ ಇದ್ದದ್ದೇ ಹೆಚ್ಚೇನೋ! ಭಾವ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲೇ ಒಯ್ಯುವುದು. ಒಮ್ಮೆ ನಾನೂ ಜೊತೆಗಿದ್ದೆ. ಕಾಲಿಡಲು ಜಾಗ ಇಲ್ಲದ ಬಸ್ಸು.

"ಅದೆಂತ ಅಜ್ಜ, ಉದ್ದದ್ದು?" ಎಂದ ಕಂಡಕ್ಟರ್.

"ಕೋವಿ" ಎಂದರು ಭಾವ. ಸುಳ್ಳು ಹೇಳುವ ಅಭ್ಯಾಸ ಇಲ್ಲವಲ್ಲ!

ಹಿಂದಿನ ಸೀಟಿನವರೆಲ್ಲ ಒಂದೇ ಸಲ ಎದ್ದು ಮುಂದೆ ಹೋದರು. ನನಗೆ ಕಿಟಕಿಯ ಬದಿ ಸಿಕ್ಕಿತು. ಭಾವ ಕೂತು ಪಕ್ಕದಲ್ಲಿ ಕೋವಿಯನ್ನು ಕೂರಿಸಿದರು. ಕಂಡಕ್ಟರಿಗೆ ಧೈರ್ಯ ಬಂತು. "ಅದೂ ಸೀಟಿನಲ್ಲಿ ಕೂತಿದೆ ಅಲ್ವಾ? ಅರ್ಧ ಟಿಕೆಟೋ, ಪೂರ್ತಿಯೋ?"

ಭಾವ ಗಂಭೀರವಾಗಿ ಯೋಚಿಸಿದರು. "ನಲವತ್ತು ದಾಟಿದೆ ಅದಕ್ಕೆ. ಪೂರ್ತಿಯೇ ಕೊಡು ಮಾರಾಯ."

ಬಿಟ್ಟುಬಂದ ಮೇಲೂ ಸುಮ್ಮನಿರುವವರಲ್ಲ. ತುಕ್ಕು ಹಿಡಿದೀತೆಂದು ಎಣ್ಣೆಯ ಕುಪ್ಪಿ ಹಿಡಿದು ಆಗಾಗ ಠಾಣೆಗೆ ಹೋಗುತ್ತಿದ್ದರು. ಅಲ್ಲಿದ್ದ ಪೊಲೀಸ್ ಹುಡುಗಿ ಬಾಗಲಕೋಟೆ ಕಡೆಯವಳು. "ಏನ್ರೀ ಅಜ್ಜಾರ, ಮತ್ತ ಬಂದ್ರಿ? ಇದೇನ್ ದವಾಖಾನಿ ಅಂತ ತಿಳ್ಕೊಂಡೀರೇನು, ಪೇಶಂಟ್ ನೋಡಾಕ ಬಂದಂಗ ಬರ್ತೀರಲ್ರಿ!" ಎಂದು ಬೈಯುತ್ತಲೇ ಒಂದು ಸ್ಟೂಲು ಎಳೆದು ಕೊಡುತ್ತಿದ್ದಳಂತೆ.

ಹೀಗೆ ಸ್ನಾನ ಮಾಡಿ, ಬಸ್ಸು ಹತ್ತಿ, ಎಣ್ಣೆ ಹಚ್ಚಿ ಉಳಿಸಿಕೊಂಡು ಬಂದ ಕೋವಿಗೆ ಈ ವರ್ಷ ದೊಡ್ಡ ಪರೀಕ್ಷೆ ಬಂತು. ಲೈಸೆನ್ಸ್ ನವೀಕರಣ. ಈಗ ಎಲ್ಲ ಕಂಪ್ಯೂಟರಿನಲ್ಲಿ. ಕೋವಿಗೂ ಒಂದು ನಂಬರ್, ಮನುಷ್ಯರಿಗೆ ಆಧಾರ್ ಇದ್ದ ಹಾಗೆ. ಅದಲ್ಲದೆ ಕೋವಿ ಇಟ್ಟುಕೊಳ್ಳುವವರು ಖುದ್ದು ಬಂದು, ಅದನ್ನು ಬಿಚ್ಚಿ, ಗುಂಡು ಹಾಕಿ, ತೆಗೆದು ತೋರಿಸಬೇಕೆಂದು ಎಸ್.ಐ. ಹೇಳಿಕಳುಹಿಸಿದರು. ಸರಿಯಾಗದಿದ್ದರೆ ಕೋವಿ ಮತ್ತೆ ಮನೆಗೆ ಬರುವುದಿಲ್ಲ.

ನಾನು ಗಣಪತಿಗೆ ಒಂದು ತೆಂಗಿನಕಾಯಿ ಹೇಳಿಕೊಂಡು ಭಾವನ ಜೊತೆ ಹೊರಟೆ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಕಪಾಟಿನ ಫೋಟೋ ತೋರಿಸಿದಾಗ ಎಸ್.ಐ.ಗೆ ಬಹಳ ಮೆಚ್ಚುಗೆಯಾಯಿತು. "ಪಕ್ಕದಲ್ಲಿ ಇದೆಂತ, ದೀಪವಾ?" ಎಂದು ಕೇಳಿದರು. "ದೇವರ ಕೋಣೆ ಸಾರ್, ಸ್ನಾನ ಮಾಡದೆ ಯಾರೂ ಮುಟ್ಟುವ ಹಾಗಿಲ್ಲ" ಎಂದೆ ನಾನು. "ಇಷ್ಟು ಭದ್ರತೆ ನಮ್ಮಲ್ಲೂ ಇಲ್ಲ!" ಎಂದು ಎಲ್ಲರೂ ನಕ್ಕರು. ಕಾಯಿ ಒಡೆಯುವುದು ಖಂಡಿತ ಎಂದುಕೊಂಡೆ.

ಭಾವ ಕೋವಿ ಬಿಚ್ಚಿದರು. ಖಾಲಿ ನಳಿಕೆ ತೋರಿಸಿದರು. ಗುಂಡು ತೆಗೆದುಕೊಂಡು ಹಾಕಲು ಹೋದರು. ಬೆರಳು ನಡುಗಿತು. ಗುಂಡು ಜಾರಿ ಟಕ್ಕೆಂದು ನೆಲಕ್ಕೆ ಬಿದ್ದು ಮೇಜಿನಡಿಗೆ ಉರುಳಿತು.

ಎಸ್.ಐ. ಕಂಪ್ಯೂಟರಿನ ಕಡೆಗೇ ನೋಡುತ್ತಿದ್ದರು. ಒಳ್ಳೆಯ ಮನುಷ್ಯ. "ಆಯಿತು ಅಜ್ಜ, ಎಲ್ಲ ಸರಿಯುಂಟು. ಸಹಿ ಹಾಕಿ ಹೋಗಿ" ಎಂದರು. ನನಗೆ ಹೋದ ಜೀವ ಬಂತು. ಪೆನ್ನು ನಾನೇ ಎತ್ತಿಕೊಟ್ಟೆ.

ಭಾವ ಪೆನ್ನು ಹಿಡಿಯಲಿಲ್ಲ. "ಸಾರ್, ನೀವು ನೋಡ್ಲಿಲ್ಲ. ಬಿತ್ತು."

"ಎಂತ ಬಿತ್ತು?"

"ಗುಂಡು. ಮೇಜಿನಡಿ ಉಂಟು."

"ನನಗೆ ಕಾಣಲಿಲ್ಲ ಅಜ್ಜ."

"ಅದಕ್ಕೇ ಹೇಳಿದ್ದು."

ಭಾವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಮೆಲ್ಲಗೆ ಹೇಳಿದರು. "ಕೆಲವು ಸಮಯದಿಂದ ಹೀಗೇ ನಡುಗ್ತದೆ. ಮನೆಯಲ್ಲಿ ಹೇಳ್ಲಿಲ್ಲ. ನಮ್ಮ ಪಾಗಾರದ ಆಚೆಯೇ ಶಾಲೆಗೆ ಹೋಗುವ ದಾರಿ. ಮಕ್ಕಳು ಹೋಗುವ ಹೊತ್ತಿಗೇ ಮಂಗ ಬರುವುದು. ಕೈ ಒಮ್ಮೆ ಬದಿಗೆ ಹೋದರೆ? ಬೇಡ ಸಾರ್. ಇಟ್ಟುಕೊಳ್ಳಿ."

ಬಾಗಲಕೋಟೆಯ ಹುಡುಗಿ ಮೇಜಿನಡಿ ನುಸುಳಿ ಗುಂಡು ತೆಗೆದು, ಧೂಳು ಒರೆಸಿ ಮೇಜಿನ ಮೇಲಿಟ್ಟಳು. "ಎಣ್ಣಿ ನಾ ಹಚ್ತೀನ್ರಿ ಅಜ್ಜಾರ, ನೀವು ಚಿಂತಿ ಮಾಡಬ್ಯಾಡ್ರಿ" ಎಂದಳು. ಈ ಸಲ ಬೈಯಲಿಲ್ಲ.

ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರಿಗೂ ನಿಲ್ಲಲಷ್ಟೇ ಜಾಗ ಸಿಕ್ಕಿತು. ಗಣಪತಿಗೆ ಕಾಯಿ ಒಡೆದೆ. ಯಾಕೆ ಒಡೆದೆಯೆಂದು ಕೇಳಬೇಡಿ. ಯಾವ ಮಗುವಿಗೂ ಏನೂ ಆಗದೆ ಇದು ಮುಗಿಯಿತಲ್ಲ, ಅದಕ್ಕೆ.

ಮರುದಿನ ಬೆಳಿಗ್ಗೆ ನಾನು ನೀರ್‌ದೋಸೆ ಹುಯ್ಯುತ್ತಿದ್ದೆ. ಸೂರಿನ ಶೀಟಿನ ಮೇಲೆ ದಡಬಡ ಸದ್ದಾಯಿತು. ಬಂದವು! ಕಿಟಕಿಯಲ್ಲಿ ಇಣುಕಿದೆ. ಭಾವ ಚಹಾದ ಲೋಟ ಜಗಲಿಯಲ್ಲಿ ಬಿಟ್ಟು ಅಭ್ಯಾಸಬಲದಿಂದ ಹಿತ್ತಿಲಿಗೆ ಓಡಿದ್ದರು. ಅಲಸಂಡೆಯ ಚಪ್ಪರದ ಹತ್ತಿರ ಹೋಗಿ ಥಟ್ಟನೆ ನಿಂತರು. ಕೈಯಲ್ಲಿ ಏನೂ ಇಲ್ಲ. ಮಂಗಗಳೂ ನಿಂತವು. ಭಾವ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿದರು. ಆಮೇಲೆ ಎಡಗೈ ಮುಂದೆ ಚಾಚಿ, ಬಲಗೈ ಭುಜಕ್ಕೆ ತಂದು, ಒಂದು ಕಣ್ಣು ಮುಚ್ಚಿ, ಇಲ್ಲದ ಕೋವಿಯನ್ನು ಆಕಾಶಕ್ಕೆ ಗುರಿಯಿಟ್ಟರು. ಎರಡು ಕೈಯೂ ನಡುಗುತ್ತಿದ್ದವು. ಬೆರಳು ಮಡಚಿದರು.

ಸದ್ದು ಎಲ್ಲಿಂದ ಬರಬೇಕು?

ಭಜನೆಯಲ್ಲಿ ಕೂಡ ದೊಡ್ಡ ಸ್ವರ ತೆಗೆಯದವಳು ನಾನು. ಏನಾಯಿತೋ ಗೊತ್ತಿಲ್ಲ, ಸೌಟು ಹಿಡಿದುಕೊಂಡೇ ಹಿಂಬಾಗಿಲಿಗೆ ಹೋಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಿರುಚಿದೆ.

"ಢಂ!"

ಮಂಗಗಳು ಪಾಗಾರ ಹಾರಿದವು. ದಾರಿಯಲ್ಲಿ ಹೋಗುತ್ತಿದ್ದ ಶಾಲೆಯ ಮಕ್ಕಳು ಗೊಳ್ಳೆಂದು ನಕ್ಕರು. ಭಾವ ಮೆಲ್ಲಗೆ ಕೈ ಇಳಿಸಿದರು. ನನ್ನ ಕಡೆ ತಿರುಗಲಿಲ್ಲ. ಬೈರಾಸಿನಿಂದ ಮುಖ ಒರೆಸಿಕೊಂಡರು, ಒರೆಸಿಯೇ ಒರೆಸಿದರು.

"ಸ್ವಲ್ಪ ತಡವಾಯಿತು" ಎಂದರು. "ನಾನು ಬೆರಳು ಮಡಚಿದ ಕೂಡಲೇ ಬರಬೇಕು."

"ಆಯಿತು ಭಾವ" ಎಂದೆ.

ಹಿಂದೆ ಬಿದ್ದಿದ್ದ ಒಂದು ಮರಿಮಂಗ ಇನ್ನೂ ಚಪ್ಪರದ ಮೇಲೆ ಕಣ್ಣುಬಿಡುತ್ತಾ ಕೂತಿತ್ತು. ಭಾವ ಮತ್ತೆ ಆಕಾಶಕ್ಕೆ ಗುರಿಯಿಟ್ಟರು. ನಾನು ಉಸಿರು ತುಂಬಿಕೊಂಡು ಕಾದೆ.