ಕರಡಕ್ಕನಿಗೆ ಆದ ಅನುಭವ

ಇಷ್ಟಕ್ಕೆಲ್ಲ ಕಾರಣ ಒಂದು ಹೊದಿಕೆ.

ಆ ಹೊದಿಕೆಯನ್ನು ಕರಡಕ್ಕನ ಗಂಡ ದಿನಾ ರಾತ್ರಿ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಎಳೆದುಕೊಂಡವನು ಸುಮ್ಮನಿರದೆ, ಮರ ಕೊಯ್ಯುವ ಮಿಲ್ಲನ್ನು ಗುತ್ತಿಗೆ ಹಿಡಿದವನ ಹಾಗೆ ಗೊರಕೆ ಹೊಡೆಯುತ್ತಿದ್ದ. ಗೊರಕೆ ಕೊಂಚ ನಿಂತು, ಇನ್ನೇನು ರೆಪ್ಪೆ ಕೂಡಬೇಕು ಅನ್ನುವಾಗ ಗೋಡೆಯ ಆಚೆಯಿಂದ ಅತ್ತೆ ಕಾಳಜಿಯಿಂದ ಕೇಳುತ್ತಿದ್ದರು: "ನಿದ್ದೆ ಬಂತೇನಮ್ಮಾ?" ಬಾಗಿಲವರೆಗೆ ಬಂದಿದ್ದ ನಿದ್ದೆ ತನ್ನ ಹೆಸರು ಕೇಳಿದ ಸಾಲಗಾರನಂತೆ ತಿರುಗಿ ಓಡುತ್ತಿತ್ತು.

ಹೀಗಾಗಿ ಅವಳ ನಿದ್ದೆಯೆಲ್ಲ ಕಚೇರಿಯಲ್ಲಿತ್ತು.

ಅದೊಂದು ಮನೋವಿಜ್ಞಾನ ಸಂಸ್ಥೆ. ಸಿಟ್ಟು, ಮರೆವು, ಹೆದರಿಕೆಯಂಥ ಚಿಲ್ಲರೆ ವಿಷಯಗಳಿಗೆ ಅಲ್ಲಿ ಜಾಗವಿರಲಿಲ್ಲ. ಮನುಷ್ಯ 'ನಾನು' ಎಂಬುದನ್ನು ದಾಟಿದಾಗ ಏನಾಗುತ್ತದೆ ಎಂದು ಅಭ್ಯಾಸ ಮಾಡುವ ವ್ಯಕ್ತ್ಯತೀತ ಮನೋವಿಜ್ಞಾನ ಅವರ ಕ್ಷೇತ್ರ. ಸಂಸ್ಥೆಯ ಪತ್ರಿಕೆಯ ಕರಡು ತಿದ್ದುತ್ತಿದ್ದುದರಿಂದ ಅವಳು ಎಲ್ಲರಿಗೂ ಕರಡಕ್ಕ. 'ನಾನು' ದಾಟುವ ಬಗ್ಗೆ ಬರೆದ ಲೇಖನಗಳಲ್ಲಿ 'ನಾನು' ಎಷ್ಟು ಸಲ ಬರುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೆ.

ಸಂಸ್ಥೆಯಲ್ಲಿ ಎರಡು ಪಕ್ಷ. ಶಿಖರದ ಮೇಷ್ಟ್ರು ಹೇಳುವುದು: ದಾರಿ ನೂರಿದ್ದರೂ ಬೆಟ್ಟದ ತುದಿ ಒಂದೇ, ಹತ್ತಿದವರೆಲ್ಲ ಕಾಣುವುದು ಅದನ್ನೇ, ಅನುಭವ ಆಗುವುದು ಒಳಗೆ, ಒಬ್ಬೊಬ್ಬರಿಗೆ. ತೀರದ ಮೇಡಮ್ ಹೇಳುವುದು: ತುದಿಯೂ ಇಲ್ಲ ಬೆಟ್ಟವೂ ಇಲ್ಲ, ಒಂದು ಕಡಲು, ಅದಕ್ಕೆ ಬೇರೆ ಬೇರೆ ತೀರಗಳು, ಅನುಭವ ಯಾರದೋ ತಲೆಯೊಳಗೆ ಕಟ್ಟಿಟ್ಟ ಗಂಟಲ್ಲ, ಜನ, ಜಾಗ, ಉಸಿರು ಎಲ್ಲ ಸೇರಿ ತಮ್ಮ ನಡುವೆ ನಡೆಸುವ ಘಟನೆ. ಇದಕ್ಕೆ ಅವರು ಸಹಭಾಗಿ ಅಧ್ಯಾತ್ಮ ಎಂದು ಹೆಸರಿಟ್ಟಿದ್ದರು. ಪ್ರತಿ ಸಂಚಿಕೆಯಲ್ಲೂ ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದರು. ಕರಡಕ್ಕ ಇಬ್ಬರ ಅಲ್ಪವಿರಾಮಗಳನ್ನೂ ಪಕ್ಷಪಾತವಿಲ್ಲದೆ ಸರಿಪಡಿಸುತ್ತಿದ್ದಳು.

ಅವರಿಬ್ಬರೂ ಜಗಳವಿಲ್ಲದೆ ಒಂದೇ ಕೋಣೆಯಲ್ಲಿ ಇರುತ್ತಿದ್ದದ್ದು ಊಟಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ. ಆಗ ಮಹಡಿಯ ಮೇಲಿನ ಹಾಲ್‌ನಲ್ಲಿ ಎಲ್ಲರೂ ವೃತ್ತಾಕಾರವಾಗಿ ಕೂರಬೇಕು. ಪರದೆ ಎಳೆಯಬೇಕು. ನಿರ್ದೇಶಕರು ಪುಟ್ಟ ಗಂಟೆ ಬಾರಿಸಿದ ಮೇಲೆ ಕಣ್ಣು ಮುಚ್ಚಿ ಮೌನ. ಒಳಗಿಂದ ಮಾತು ತಾನಾಗಿ ಬಂದರೆ ಆಡಬಹುದು. ಆದರೆ ಇಷ್ಟು ವರ್ಷಗಳಲ್ಲಿ ಯಾರಿಗೂ ಬಂದಿರಲಿಲ್ಲ.

ಕರಡಕ್ಕ ಆ ಅರ್ಧ ಗಂಟೆಯಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡು, ಮುಖದ ಮೇಲೆ ಒಂದು ಹದವಾದ ಶಾಂತಿ ಹಚ್ಚಿಕೊಂಡು, ಗಡದ್ದಾಗಿ ನಿದ್ದೆ ಮಾಡುತ್ತಿದ್ದಳು. ಅವಳ ಪಾಲಿಗೆ ಮೋಕ್ಷ ಎಂದರೆ ಅದೇ. ಸಿಕ್ಕಿಬಿದ್ದರೆ ವೃತ್ತದಿಂದ ಹೊರಗೆ. ವೃತ್ತದಿಂದ ಹೊರಬಿದ್ದರೆ ಮತ್ತೆ ಅದೇ ಗಂಡ, ಅದೇ ಗೋಡೆ, ಅದೇ ಅತ್ತೆ.

ಅವತ್ತು ಅವಳಿಗೆ ಕನಸು ಬಿತ್ತು. ಕನಸಿನಲ್ಲಿ ಗಂಡ ಹೊದಿಕೆ ಎಳೆದುಕೊಂಡ. ಅತ್ತೆ ಗೋಡೆ ದಾಟಿ ಬಂದು ದಿಂಬು ತೆಗೆದುಕೊಂಡರು. ಮಂಚಕ್ಕೂ ಯಾರೋ ಕೈ ಹಾಕಿದರು. ಕರಡಕ್ಕನಿಗೆ ಸಾಕಾಗಿ ಹೋಯಿತು.

"ತಗೊಳ್ಳಿ," ಎಂದಳು ಸ್ಪಷ್ಟವಾಗಿ. "ಎಲ್ಲಾ ತಗೊಳ್ಳಿ. ನನಗೇನೂ ಬೇಡ."

ಕಣ್ಣು ಬಿಟ್ಟಾಗ ಇಡೀ ವೃತ್ತ ಅವಳನ್ನೇ ನೋಡುತ್ತಿತ್ತು. ಮಾತು ಬಾಯಿಂದ ಹೊರಬಿದ್ದಿದೆ ಎಂದು ಅವಳಿಗೆ ಆಗ ಹೊಳೆಯಿತು. ಕೆಲಸ ಹೋಯಿತು ಅಂದುಕೊಂಡಳು. ಅಷ್ಟರಲ್ಲಿ ಶಿಖರದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇ," ಎಂದರು. "ಎಲ್ಲಾ ಕಾಲದಲ್ಲೂ, ತುದಿ ಮುಟ್ಟಿದವರು ಹೇಳಿರೋದು ಇದನ್ನೇ. ನನಗೇನೂ ಬೇಡ."

"ಒಂದ್ನಿಮಿಷ ಮೇಷ್ಟ್ರೇ," ಎಂದರು ತೀರದ ಮೇಡಮ್. "ತಗೊಳ್ಳಿ ಅಂದ್ರು. ಯಾರಿಗೆ ಅಂದ್ರು? ನಮಗೆ. ನಾವು ಇಲ್ದಿದ್ರೆ ಈ ಮಾತಿಗೆ ಅರ್ಥವೇ ಇಲ್ಲ. ಇದು ನಮ್ಮೆಲ್ಲರ ನಡುವೆ ಹುಟ್ಟಿದ್ದು."

"ಬಾಯಿ ಅವರದು ತಾನೇ?"

"ಕಿವಿ ನಮ್ಮದಲ್ವಾ?"

ನಿರ್ದೇಶಕರು ಕೈ ಎತ್ತಿದರು. "ಅವರನ್ನೇ ಕೇಳೋಣ. ಹೇಳಿ ಕರಡಕ್ಕ, ಅದು ಆಗಿದ್ದು ಒಳಗೋ, ನಡುವೆಯೋ?"

ಕರಡಕ್ಕ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರ ಲೇಖನಗಳೂ ಕೆಳಗೆ ಅವಳ ಮೇಜಿನ ಮೇಲೆ ತಿದ್ದುವುದಕ್ಕೆ ಕಾದಿದ್ದವು. "ಸ್ವಲ್ಪ... ಅಕ್ಕಪಕ್ಕ ಇತ್ತು ಸಾರ್," ಎಂದಳು.

ಎರಡು ಪಕ್ಷದವರೂ ಗೆದ್ದವರಂತೆ ತಲೆಯಾಡಿಸಿದರು. ಸಂಜೆ ಸಭೆ ಸೇರಿ ಇತ್ಯರ್ಥ ಮಾಡುವುದೆಂದು ತೀರ್ಮಾನವಾಯಿತು.

"ಅಲ್ಲೀವರೆಗೆ ಫಲ ನೋಡ್ಬೇಕು," ಎಂದರು ತೀರದ ಮೇಡಮ್. "ಎಷ್ಟು ಎತ್ತರ ಏರಿದ್ರು ಅನ್ನೋದು ಮುಖ್ಯ ಅಲ್ಲ. ಸ್ವಾರ್ಥ ಕಮ್ಮಿ ಆಗಿದ್ಯಾ? ಅದೊಂದೇ ಒರೆಗಲ್ಲು."

ಈ ಮಾತನ್ನು ಎಲ್ಲರಿಗಿಂತ ಗಮನವಿಟ್ಟು ಕೇಳಿದವರು ಲೆಕ್ಕಪತ್ರದ ಅಣ್ಣ. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮ ಮನೆಯವಳಿಗೊಂದು ಎನ್ನುವ ಜಾತಿ. ಕರಡಕ್ಕ ಕೆಳಗಿಳಿದು ಬರುವಷ್ಟರಲ್ಲಿ ಅವರು ಅವಳ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದರು.

"ತಗೊಂಡೆ ಕರಡಕ್ಕ," ಎಂದರು ವಿನಯದಿಂದ. "ನಿಮ್ಮ ಅನುಭವಕ್ಕೆ ನಂದೂ ಒಂದು ಸಹಭಾಗ ಇರ್ಲಿ ಅಂತ."

"ಅಯ್ಯೋ, ಅದಕ್ಕೇನಂತೆ," ಎಂದಳು ಕರಡಕ್ಕ. ಬಾಗಿಲಲ್ಲಿ ತೀರದ ಮೇಡಮ್ ಅವಳ ಮುಖವನ್ನೇ ಓದುತ್ತಿದ್ದರು.

ಊಟದ ಹೊತ್ತಿಗೆ ಅವಳ ಡಬ್ಬಿಯ ಒಂದೊಂದು ಅಂತಸ್ತು ಒಂದೊಂದು ಮೇಜಿಗೆ ಹೋಗಿತ್ತು. ಅವಳಿಗೆ ಉಳಿದದ್ದು ಮುಚ್ಚಳ. ಗ್ರಂಥಪಾಲಕಿ ಕೊಡೆ ಕೇಳಿದಳು. ಹೊರಗೆ ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. "ಪರೀಕ್ಷೆಗೆ ಕೇಳ್ದೆ ಕಣ್ರೀ," ಎಂದು ನಕ್ಕಳು, ಕೊಡೆ ಮಾತ್ರ ಹಿಂದಕ್ಕೆ ಕೊಡಲಿಲ್ಲ. ಲೆಕ್ಕಪತ್ರದ ಅಣ್ಣ ಮತ್ತೆ ಬಂದು, ಕಿಟಕಿ ಪಕ್ಕ ಚಳಿಗಾಳಿ ಬೀಸುತ್ತದೆಂದು ಅವಳ ಶಾಲನ್ನೂ ಒಯ್ದರು. ಕೊಟ್ಟಷ್ಟೂ ಜನ ಹೆಚ್ಚಾದರು. ಕೇಳದೆ ಇದ್ದವರು ಒಬ್ಬರೂ ಇರಲಿಲ್ಲ, ಅವಳು ಒಮ್ಮೆಯೂ ಇಲ್ಲ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ: ಸ್ವಾರ್ಥ ಕಂಡರೆ ಅನುಭವ ಸುಳ್ಳು, ಅನುಭವ ಸುಳ್ಳಾದರೆ ಅದು ನಿದ್ದೆ, ನಿದ್ದೆಯಾದರೆ ನಾಳೆಯಿಂದ ಮೌನವಿಲ್ಲ. ಇಲಿ ಬೋನಿನೊಳಗೆ ಕೂತು, ಬೋನು ಗಟ್ಟಿಯಾಗಿರಲಿ ಅಂತ ಹರಕೆ ಹೊತ್ತ ಹಾಗಾಯಿತು ಅವಳ ಪಾಡು.

ಮಧ್ಯಾಹ್ನ ಮೆಟ್ಟಿಲ ತಿರುವಿನಲ್ಲಿ ಶಿಖರದ ಮೇಷ್ಟ್ರು ಅವಳನ್ನು ತಡೆದು ನಿಲ್ಲಿಸಿದರು. "ನಾನು ಒತ್ತಾಯ ಮಾಡ್ತಿಲ್ಲಮ್ಮ. ಸಂಜೆ ನಿಮ್ಮ ಸ್ವಂತ ಮಾತಲ್ಲೇ ಹೇಳಿ. 'ಒಳಗೆ ಬೆಳಕಾಯ್ತು, ನಾನು ಒಬ್ಬಳೇ ಇದ್ದೆ' ಅಂತ. ಸ್ವಂತ ಮಾತು ಮರೆತುಹೋದ್ರೆ ಇನ್ನೊಂದ್ಸಲ ಹೇಳಿಕೊಡ್ತೀನಿ."

ನೀರಿನ ಫಿಲ್ಟರ್ ಹತ್ತಿರ ತೀರದ ಮೇಡಮ್ ಸಿಕ್ಕರು. "ಅವರು ಏನಾದ್ರೂ ಹೇಳಿಕೊಟ್ರಾ? ತಪ್ಪದು. ನಾನಂತೂ ಏನೂ ಹೇಳಲ್ಲ. ಆದರೆ ಆಗ ನಿಮ್ಮ ಬಲಗಡೆ ಯಾರು ಕೂತಿದ್ರು ಅಂತ ಯಾರಾದ್ರೂ ಕೇಳಿದ್ರೆ, ನಾನಿದ್ದೆ ಅನ್ನೋದು ನೆನಪಿರ್ಲಿ."

ಸಂಜೆಯ ಹೊತ್ತಿಗೆ ಹಸಿವು, ಚಳಿ, ನಿದ್ದೆ ಮೂರೂ ಸೇರಿ ಕರಡಕ್ಕನ ಎಚ್ಚರಿಕೆಯ ಸ್ವಭಾವವನ್ನು ಕೆಳಗೆ ಕೆಡವಿದ್ದವು. ವೃತ್ತದ ನಡುವೆ ಅವಳಿಗೆಂದೇ ಸಣ್ಣ ದಿಂಬಿಟ್ಟು ಒಂದು ಕುರ್ಚಿ ಹಾಕಿದ್ದರು. ಎದುರಿಗೆ ಲೆಕ್ಕಪತ್ರದ ಅಣ್ಣ, ಅವಳ ಶಾಲು ಹೊದ್ದು, ಮದುವೆಗೆ ಬಂದ ಬೀಗರ ಹಾಗೆ ಕೂತಿದ್ದರು.

"ಹೇಳಿ," ಎಂದರು ನಿರ್ದೇಶಕರು. "ಹೆದರಬೇಡಿ."

"ಸಾರ್, ನನಗೆ ನಿದ್ದೆ ಬಂದಿತ್ತು," ಎಂದಳು ಕರಡಕ್ಕ. "ಒಳಗೂ ಇಲ್ಲ, ನಡುವೆಯೂ ಇಲ್ಲ. ಕನಸಲ್ಲಿ ನಮ್ಮನೆಯವರು ಹೊದಿಕೆ ಎಳ್ಕೊಂಡ್ರು. ಅವರಿಗೆ ಹೇಳಿದ್ದು ನಾನು. ಇವತ್ತೊಂದಿನ ಅಲ್ಲ. ಕೆಲಸಕ್ಕೆ ಸೇರಿದಾಗಿಂದ ದಿನಾ ಇಲ್ಲಿ ಮಲಗ್ತೀನಿ."

ಹಾಲ್‌ನಲ್ಲಿ ಸಂಸ್ಥೆಯ ಇತಿಹಾಸದಲ್ಲೇ ಮೊದಲ ಸಲ ನಿಜವಾದ ಮೌನ ಕವಿಯಿತು.

ಅದನ್ನು ಮುರಿದದ್ದು ಲೆಕ್ಕಪತ್ರದ ಅಣ್ಣ. "ನಾನೂನೂ," ಎಂದರು ಶಾಲಿನೊಳಗಿಂದ.

"ಏನು ನೀವೂನೂ?" ಎಂದರು ನಿರ್ದೇಶಕರು.

"ಮಲಗ್ತೀನಿ. ಇವತ್ತು ಕರಡಕ್ಕ ಮಾತಾಡಿದ್ದಕ್ಕೇ ನನಗೆ ಎಚ್ಚರ ಆಗಿದ್ದು. ಎದೆ ಧಸಕ್ ಅಂತು."

"ನನಗೂ," ಎಂದಳು ಗ್ರಂಥಪಾಲಕಿ.

ತೀರದ ಮೇಡಮ್ ಪರದೆಯ ಕಡೆ ನೋಡಿದರು. "ಒಂಥರಾ ತೂಕಡಿಕೆ ನನಗೂ ಇರುತ್ತೆ. ಸುಳ್ಳು ಯಾಕೆ ಹೇಳ್ಲಿ."

"ನಾನು ಕಣ್ಣು ಮುಚ್ತೀನಿ," ಎಂದರು ಶಿಖರದ ಮೇಷ್ಟ್ರು ಗಂಭೀರವಾಗಿ. "ಆಮೇಲಿಂದು ಖಚಿತವಾಗಿ ಹೇಳಕ್ಕಾಗಲ್ಲ."

ಎಲ್ಲರೂ ನಿರ್ದೇಶಕರ ಕಡೆ ತಿರುಗಿದರು. ಅವರು ಜೇಬಿನಿಂದ ಫೋನು ತೆಗೆದು ತೋರಿಸಿದರು. "ಅರ್ಧ ಗಂಟೆ ಆಗ್ತಿದ್ದ ಹಾಗೆ ಇದು ನಡುಗುತ್ತೆ. ಆಗ ಎದ್ದು ಗಂಟೆ ಬಾರಿಸ್ತೀನಿ. ಇಲ್ದಿದ್ರೆ ಸಂಜೇವರೆಗೂ ಇಲ್ಲೇ ಇರ್ತಿದ್ವಿ."

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ನಗು ಇಳಿಯುವಷ್ಟರಲ್ಲಿ ಶಿಖರದ ಮೇಷ್ಟ್ರ ಕಣ್ಣಲ್ಲಿ ಲೇಖನದ ಮಿಂಚು ಕಂಡಿತು.

"ಅಲ್ಲ, ಯೋಚನೆ ಮಾಡಿ. ಗಾಢ ನಿದ್ದೇಲಿ ನಾನಿಲ್ಲ, ನೀವಿಲ್ಲ. ಯಾರು ಮಲಗಿದ್ರೂ ಮುಟ್ಟೋದು ಒಂದೇ ಜಾಗ. ತುದಿ ಅಂದ್ರೆ ಅದೇ ಅಲ್ವಾ?"

"ಆದರೆ ಒಬ್ಬೊಬ್ಬರೇ ಮಲಗಿಲ್ಲ ಮೇಷ್ಟ್ರೇ, ಒಟ್ಟಿಗೆ ಮಲಗಿದ್ದೀವಿ," ಎಂದರು ತೀರದ ಮೇಡಮ್. "ಇಂಥ ನಂಬಿಕೆ ಎಲ್ಲಿ ಸಿಗುತ್ತೆ? ಇದಕ್ಕಿಂತ ಸಹಭಾಗ ಯಾವುದು?"

"ಒಪ್ತೀನಿ."

"ನಾನೂ."

ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ನಿರ್ದೇಶಕರು ಆ ಗಳಿಗೆ ಜಾರಿಹೋಗುವ ಮುಂಚೆ ಅದನ್ನು ನಿಯಮ ಮಾಡಿಬಿಟ್ಟರು. ನಾಳೆಯಿಂದ ಮೌನದ ಬದಲು ಸಾಮೂಹಿಕ ನಿದ್ದೆ. ಅರ್ಧ ಗಂಟೆಯಲ್ಲ, ಒಂದು ಗಂಟೆ. ಎಲ್ಲರಿಗೂ ಚಾಪೆ, ದಿಂಬು.

ಕರಡಕ್ಕನ ಕಣ್ಣು ತುಂಬಿಬಂತು. ಚಾಪೆ. ದಿಂಬು. ಒಂದು ಗಂಟೆ. ಬೆನ್ನು ನೆಟ್ಟಗಿಡಬೇಕಾಗಿಲ್ಲ, ಮುಖಕ್ಕೆ ಶಾಂತಿ ಹಚ್ಚಬೇಕಾಗಿಲ್ಲ. ಸತ್ಯ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಅವಳ ಅಮ್ಮ ಹೇಳುತ್ತಿದ್ದುದು ಪೂರ್ತಿ ಸುಳ್ಳಲ್ಲ ಅನ್ನಿಸಿತು.

"ಒಂದೇ ಒಂದು ತೊಡಕು," ಎಂದರು ಶಿಖರದ ಮೇಷ್ಟ್ರು. "ಎಲ್ಲರೂ ಮಲಗಿದ್ರೆ, ನಿದ್ದೇಲಿ ಯಾರು ಏನಂದ್ರು ಅಂತ ಕೇಳಿಸ್ಕೊಳ್ಳೋರು ಯಾರು? ಇವತ್ತಿನಂಥ ಮಾತು ಮತ್ತೆ ಬಂದ್ರೆ?"

"ನಿಜ," ಎಂದರು ತೀರದ ಮೇಡಮ್. "ಸುತ್ತಲ್ಲಿ ಒಬ್ಬರು ಎಚ್ಚರ ಇರ್ಲೇಬೇಕು. ಮಾತಿನ ಸೂಕ್ಷ್ಮ ಗೊತ್ತಿರೋರು. ಯಾವ ಪಕ್ಷಕ್ಕೂ ಸೇರದೋರು."

ಹೇಳುವ ಮುಂಚೆಯೇ ಎಲ್ಲರ ಮುಖವೂ ಒಂದೇ ಕಡೆ ತಿರುಗಿತ್ತು.

"ನಾನಾ?" ಎಂದಳು ಕರಡಕ್ಕ. "ಸಾರ್, ನನಗೆ... ನನಗೂ ಒಂಚೂರು..."

"ನೀವೇ ಅಂದ್ರಲ್ಲಮ್ಮ, ನನಗೇನೂ ಬೇಡ ಅಂತ," ಎಂದು ನಿರ್ದೇಶಕರು ಪ್ರೀತಿಯಿಂದ ಗಂಟೆಯನ್ನು ಅವಳ ಕೈಗಿಟ್ಟರು. "ಈಗಲೇ ಒಂದು ಸಣ್ಣ ಪ್ರಯೋಗ ಮಾಡೋಣ. ಇವತ್ತು ಎಲ್ಲರಿಗೂ ಆಯಾಸ ಆಗಿದೆ."

ಪರದೆ ಎಳೆದರು. ಕೂತಲ್ಲೇ ಒರಗಿದರು. ಕದ್ದು ಮಾಡುತ್ತಿದ್ದುದಕ್ಕೆ ಅಪ್ಪಣೆ ಸಿಕ್ಕಿದ ಮೇಲೆ ತಡವೇನು? ಕಾದ ಬಾಣಲೆಗೆ ಬಿದ್ದ ನೀರಿನ ಹಾಗೆ ಒಬ್ಬೊಬ್ಬರೇ ನಿದ್ದೆಯೊಳಗೆ ಮಾಯವಾದರು. ಎರಡು ಪಕ್ಷದ ಉಸಿರುಗಳೂ ಒಂದೇ ಲಯಕ್ಕೆ ಬಂದವು. ಕರಡಕ್ಕ ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು, ಕಣ್ಣು ಅಗಲ ಮಾಡಿಕೊಂಡು ಕೂತಳು.

ಶಿಖರದ ಮೇಷ್ಟ್ರು ಮಗ್ಗುಲಾದರು. "ಆಹಾ, ಅಲೆ ಕಾಲಿಗೆ ಬರ್ತಾ ಇದೆ," ಎಂದು ಮಗುವಿನಂತೆ ನಕ್ಕರು. ಅತ್ತಲಿಂದ ತೀರದ ಮೇಡಮ್ ಏದುಸಿರಿನಲ್ಲಿ ಗೊಣಗಿದರು: "ಇನ್ನು ನಾಲ್ಕೇ ಹೆಜ್ಜೆ... ತುದಿ ಕಾಣ್ತಿದೆ..."

ಈ ಎರಡು ಸಾಲು ಅಚ್ಚಿಗೆ ಹೋದರೆ ಮತ್ತೆ ಹತ್ತು ವರ್ಷ ಜಗಳ. ಕರಡಕ್ಕ ತನ್ನ ವೃತ್ತಿಗೆ ಒಪ್ಪುವಂತೆ ಎರಡನ್ನೂ ಮನಸ್ಸಿನಲ್ಲೇ ಹೊಡೆದುಹಾಕಿದಳು. ಯಾಕೋ ಸಿಟ್ಟು ಬರಲಿಲ್ಲ. ಮಲಗಿದ ಮೇಲೆ ಎಲ್ಲರೂ ಎಷ್ಟು ಒಳ್ಳೆಯವರಾಗಿ ಕಾಣುತ್ತಾರೆ ಅನ್ನಿಸಿ, ಬೇಡವೆಂದರೂ ಒಂದು ನಗು ಬಂತು.

ಅಷ್ಟರಲ್ಲಿ ಲೆಕ್ಕಪತ್ರದ ಅಣ್ಣ ನಿದ್ದೆಯಲ್ಲೇ ಕೈ ಚಾಚಿ, ಅವಳ ಕುರ್ಚಿಯ ಮೇಲಿದ್ದ ಸಣ್ಣ ದಿಂಬನ್ನು ತಡಕಿ ಎಳೆದರು.

"ತಗೊಳ್ಳಿ," ಎಂದಳು ಕರಡಕ್ಕ, ಈ ಸಲ ಪೂರ್ತಿ ಎಚ್ಚರದಲ್ಲಿ.

ನಿರ್ದೇಶಕರು ಕಣ್ಣು ತೆರೆಯದೆಯೇ ತುಟಿಯ ಮೇಲೆ ಬೆರಳಿಟ್ಟರು.

"ಸ್ವಲ್ಪ ಮೆತ್ತಗೆ ಕರಡಕ್ಕ. ಇಲ್ಲಿ ಜನ ಮಲಗಿದ್ದಾರೆ."