ರಾಕ್ಷಸನ ಮೂಗಿನ ಮೇಲೆ ಯಾಸುಜಿ

ತೋಕುನಾಗಾ ಯಾಸುಜಿಯ ಫಜೀತಿ ಶುರುವಾದದ್ದು ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ. ಮೈಮೇಲೆ ಬಟ್ಟೆಯಿಲ್ಲದಾಗ ಮನುಷ್ಯನಿಗೆ ಏನನ್ನಾದರೂ ತೊಟ್ಟುಕೊಳ್ಳಬೇಕು ಅನ್ನಿಸುತ್ತದೋ ಏನೋ, ಅಂದು ಯಾಸುಜಿ ಒಂದು ಸುಳ್ಳನ್ನು ತೊಟ್ಟುಕೊಂಡ.

ಪೇಟೆಬೀದಿಯಲ್ಲಿ ಅವನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಸಂಜೆ ಬಾಗಿಲು ಹಾಕಿದ ಮೇಲೆ ಬೀದಿಯ ಗಂಡಸರೆಲ್ಲ ಸ್ನಾನದ ಮನೆಗೆ ಹೋಗಿ, ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ, ಬೇಯಲು ಹಾಕಿದ ಗೆಡ್ಡೆಗಳ ಹಾಗೆ ಸಾಲಾಗಿ ಕೂತು ಹರಟೆ ಹೊಡೆಯುವುದು ರೂಢಿ. ಅಂದು ಮಾತು ಒನಿಬಾನಾದ ಕಡೆ ತಿರುಗಿತು. ಒನಿಬಾನಾ ಎಂದರೆ ರಾಕ್ಷಸನ ಮೂಗು. ಎಂದೋ ಭೂಮಿ ಕಾರಿದ ಬೆಂಕಿ ಆರಿ ಕಲ್ಲಾಗಿ, ಆರು ಮೂಲೆಯ ಕಂಬಗಳ ಕಟ್ಟಿನಂತೆ ಜಪಾನಿನ ಎಚಿಜೆನ್ ಕಡಲಿನಿಂದ ನೆಟ್ಟಗೆ ಎದ್ದು ನಿಂತಿರುವ ಕರಿಯ ಕೋಡುಗಲ್ಲುಗಳ ಪೈಕಿ, ಎಲ್ಲಕ್ಕಿಂತ ಮುಂದಕ್ಕೆ ಚಾಚಿಕೊಂಡಿರುವ ತುದಿ ಅದು. ಬೇಲಿಯಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ. ಕೆಳಗೆ ಸಮುದ್ರ ಹಲ್ಲು ಕಡಿಯುತ್ತಿರುತ್ತದೆ.

"ಅಲ್ಲಿಗೆ ಹೋದಾಗ ನನ್ನ ಮಂಡಿ ಎರಡೂ ಒಂದಕ್ಕೊಂದು ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ವಪ್ಪಾ" ಎಂದ ಕುವಾಬಾರಾ. ಅವನು ಅಕ್ಕಿಮದ್ಯದ ಅಂಗಡಿಯವನು, ಬೀದಿಯ ವರ್ತಕರ ಸಂಘಕ್ಕೆ ಅಧ್ಯಕ್ಷ. ಅಧ್ಯಕ್ಷನೇ ಹೆದರಿದೆ ಎಂದು ಒಪ್ಪಿಕೊಂಡಾಗ ಉಳಿದವರು ಸುಮ್ಮನೆ ತಲೆಯಾಡಿಸುವುದು ಮರ್ಯಾದೆ. ಯಾಸುಜಿಗೆ ಅಷ್ಟು ಹೊಳೆಯಲಿಲ್ಲ.

"ಅದ್ರಲ್ಲಿ ನಡುಗೋಕೆ ಏನಿದೆ?" ಎಂದ ಅವನು, ತಲೆಯ ಮೇಲಿದ್ದ ಒದ್ದೆ ಟವೆಲ್ಲನ್ನು ಸರಿಮಾಡಿಕೊಳ್ಳುತ್ತ. "ವಯಸ್ಸಲ್ಲಿ ನಾನು ಆ ಮೂಗಿನ ತುದೀಲಿ ಒಂಟಿ ಕಾಲಲ್ಲಿ ನಿಂತಿದ್ದೆ."

ಅಷ್ಟೂ ಗೆಡ್ಡೆಗಳು ಅವನ ಕಡೆ ತಿರುಗಿದವು.

ನಿಜ ಹೇಳಬೇಕೆಂದರೆ ಯಾಸುಜಿ ಒನಿಬಾನಾದ ಗಾಳಿಯನ್ನೂ ಕಂಡವನಲ್ಲ. ರೈಲು ನಿಲ್ದಾಣದ ಮುಂದಿನ ಮೇಲ್ಸೇತುವೆ ಹತ್ತಿದರೂ ಅವನಿಗೆ ತಲೆ ತಿರುಗುತ್ತದೆ. ಅದಕ್ಕೇ ದೂರದ ಗೇಟಿನವರೆಗೆ ನಡೆದು ಹಳಿ ದಾಟುತ್ತಾನೆ; ಯಾರಾದರೂ ಕೇಳಿದರೆ ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಾನೆ.

ಕುವಾಬಾರಾ ಹೆಗಲವರೆಗೂ ನೀರಿನಿಂದ ಮೇಲೆದ್ದ. "ಹಾಗಾದ್ರೆ ಈ ವರ್ಷದ ಪ್ರವಾಸ ಎಲ್ಲಿಗೆ ಅಂತ ಇನ್ನು ಯಾರೂ ತಲೆ ಕೆಡಿಸ್ಕೋಬೇಡಿ!"

ನವೆಂಬರಿನ ಒಂದು ಭಾನುವಾರ ಬಸ್ಸು ಹೊರಟಿತು. ಊರ ಗಡಿ ದಾಟುವ ಮೊದಲೇ ಕುವಾಬಾರಾ ಮೈಕು ಹಿಡಿದ. "ಇವತ್ತಿನ ಮುಖ್ಯ ಕಾರ್ಯಕ್ರಮ ನಮ್ಮ ತೋಕುನಾಗಾ ಅವರದ್ದು. ಮೂಗಿನ ಮೇಲೆ, ಒಂಟಿ ಕಾಲಲ್ಲಿ! ಆಮೇಲೆ ಏಡಿ ಊಟ!" ಬಸ್ಸಿನ ತುಂಬ ಚಪ್ಪಾಳೆ. ಕುವಾಬಾರಾ ಯಾಸುಜಿಯ ಸೀಟಿನ ಹತ್ತಿರ ಬಂದು ಬಗ್ಗಿ, ಹಲ್ಲು ಕಿರಿದು, "ಎಡಗಾಲೋ ಬಲಗಾಲೋ ಅಂತ ನಾವು ಪಂದ್ಯ ಕಟ್ಟಿದೀವಿ. ಮೊದ್ಲೇ ಹೇಳ್ಬಿಡ್ಬೇಡಿ ಮತ್ತೆ" ಎಂದ. ಅವನ ಹಲ್ಲು ಕಂಡಾಗ ಯಾಸುಜಿಗೆ ಅರ್ಥವಾಯಿತು: ಈ ಮನುಷ್ಯ ನನ್ನ ಮಾತು ನಂಬಿ ಕರೆದುಕೊಂಡು ಹೋಗುತ್ತಿಲ್ಲ, ನಂಬದೆಯೇ ಕರೆದುಕೊಂಡು ಹೋಗುತ್ತಿದ್ದಾನೆ.

ಪಕ್ಕದಲ್ಲಿ ಹೆಂಡತಿ ಸುಮಿಯೆ ಕಿತ್ತಳೆ ಸುಲಿಯುತ್ತಿದ್ದಳು. "ಯಾವಾಗ ನಿಂತಿದ್ರಿ ನೀವು ಅಲ್ಲಿ?"

"ಮದುವೆಗೆ ಮುಂಚೆ."

"ಹೌದಾ. ಮದುವೆಗೆ ಮುಂಚೆ ನೀವು ಏನೇನೋ ಆಗಿದ್ರಿ ಪಾಪ" ಎಂದು ಅವಳು ಒಂದು ತೊಳೆಯನ್ನು ಅವನ ಬಾಯಿಗಿಟ್ಟಳು.

ಬಸ್ಸಿನಿಂದ ಇಳಿಯುತ್ತಲೇ ಯಾಸುಜಿ ತನ್ನ ಮೊದಲ ಉಪಾಯ ಹೂಡಿದ. ದಾರಿಯುದ್ದಕ್ಕೂ ಇದ್ದ ಅಂಗಡಿಗಳಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಸ್ಕ್ವಿಡ್ ಮೀನುಗಳನ್ನು ಒಂದರ ಹಿಂದೊಂದು ತಿಂದು, ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದ. "ಅಯ್ಯೋ, ಕರುಳೇ ಕಿತ್ತು ಬರ್ತಿದೆ. ನೀವೆಲ್ಲ ಹೋಗಿ ಬನ್ನಿ. ನನ್ನ ಪಾಲಿಗೆ ಇಲ್ಲ ಅಂತ ತಿಳ್ಕೋತೀನಿ."

ಬೀದಿಯ ಔಷಧದಂಗಡಿಯ ಒತೋಮೆ ಅಜ್ಜಿ ಅಲ್ಲೇ ಇದ್ದಳು. ಪ್ರವಾಸಕ್ಕೆ ಬಂದರೂ ಅಂಗಡಿಯನ್ನು ಚೀಲದಲ್ಲಿ ಹಾಕಿಕೊಂಡೇ ಬರುವ ಹೆಂಗಸು. ಅವನ ಗಲ್ಲ ಹಿಡಿದು ಬಾಯಿ ತೆರೆಸಿ ಕಪ್ಪು ಗುಳಿಗೆಗಳನ್ನು ಸುರಿದಳು; ಅವು ಎಷ್ಟು ಕಹಿಯಾಗಿದ್ದವೆಂದರೆ ಯಾಸುಜಿ ಸ್ಪ್ರಿಂಗಿನಂತೆ ಎದ್ದು ನಿಂತ.

"ನೋಡಿದ್ರಾ!" ಎಂದಳು ಅಜ್ಜಿ ಹೆಮ್ಮೆಯಿಂದ. "ನನ್ನ ಗುಳಿಗೆ ತಿಂದ್ರೆ ಹೆಣಾನೂ ಎದ್ದು ಕೂರುತ್ತೆ."

ಎರಡನೆಯ ಉಪಾಯಕ್ಕೆ ಅವನು ಸಾರ್ವಜನಿಕ ಶೌಚಾಲಯವನ್ನು ನೆಚ್ಚಿಕೊಂಡ. ಬಾಗಿಲಲ್ಲಿ ಕುವಾಬಾರಾ ಜೈಲಿನ ಕಾವಲುಗಾರನಂತೆ ನಿಂತ. ಒಳಗೆ ಹಿಂಬದಿಗೆ ಒಂದು ಕಿಟಕಿಯಿತ್ತು. ಯಾಸುಜಿ ಮೊದಲು ತಲೆ ತೂರಿಸಿದ, ಆಮೇಲೆ ಹೊಟ್ಟೆ, ಹೊಟ್ಟೆ ಒಪ್ಪಲಿಲ್ಲ. ಅಂಗಡಿ ಬಾಗಿಲಲ್ಲಿ ಒಣಗಲು ನೇತುಹಾಕಿದ ಮೀನಿನ ಹಾಗೆ ಸ್ವಲ್ಪ ಹೊತ್ತು ತೂಗಾಡಿ, ಕೊನೆಗೆ ಪ್ಯಾಂಟಿನ ಗುಂಡಿಯೊಂದನ್ನು ಕಿಟಕಿಗೇ ಬಿಟ್ಟು ಜಲ್ಲಿಕಲ್ಲಿನ ರಾಶಿಯ ಮೇಲೆ ಬಿದ್ದ. ಬಿದ್ದವನು ಎದ್ದು, ಪೈನ್ ಮರಗಳ ನಡುವಿನ ಕಾಲುದಾರಿ ಹಿಡಿದು ಓಡಿದ.

ಜನರ ಸದ್ದು ಅಡಗಿದಲ್ಲಿ ನಿಂತ. ಸಮುದ್ರ ಮರಗಳಾಚೆ ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಅವನಿಗೆ ಅಷ್ಟೇ ಬೇಕಿತ್ತು. ಒಂದು ಬಂಡೆಯ ಮೇಲೆ ಕೂತು, ಬೂಟಿನೊಳಗೆ ಸೇರಿದ್ದ ಜಲ್ಲಿಯನ್ನು ಕೊಡವಿದ. ಅಂಗಡಿಯ ಶಿಸ್ತು ಕೈಬಿಡುವುದಿಲ್ಲ ನೋಡಿ, ಬೂಟುಗಳನ್ನು ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿಟ್ಟ. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಬಸ್ಸು ಹೊರಡುವವರೆಗೆ ಇಲ್ಲೇ ಕೂತಿರುವುದು ಹೇಗೆ ಎಂದು ಯೋಚಿಸತೊಡಗಿದ.

"ತಂಪಿದೆ ಅಲ್ವಾ ಇವತ್ತು?"

ಯಾಸುಜಿ ಬೆಚ್ಚಿಬಿದ್ದ. ಕೆಂಪು ಕೋಟು ತೊಟ್ಟ ಮುದುಕನೊಬ್ಬ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಪಕ್ಕದಲ್ಲೇ ಕೂತಿದ್ದ. ಕೂತದ್ದಷ್ಟೇ ಅಲ್ಲ, ಯಾಸುಜಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ನನ್ನ ಹೆಸರು ಕಾವಾಬೆ. ಮೊದ್ಲು ಪೊಲೀಸ್ ಇಲಾಖೇಲಿದ್ದೆ. ಈಗ ಈ ಬಂಡೆ ಕಡೆ ಕಾವಲು ಸುತ್ತೋ ತಂಡದವನು. ಬನ್ನಿ, ನಮ್ಮ ಗುಡಿಸಲಲ್ಲಿ ಬಿಸಿ ಚಹಾ ಇದೆ."

"ಬೇಡ ಸ್ವಾಮೀ, ನಾನು ಸುಮ್ನೆ ಕೂತಿದೀನಿ."

"ಎಲ್ರೂ ಹಾಗೇ ಅಂತಾರೆ." ಮುದುಕನ ಕಣ್ಣು ಬೂಟುಗಳ ಮೇಲಿತ್ತು. "ಇಲ್ಲಿ ಹಾರೋಕೆ ಬರೋರು ಮೊದ್ಲು ಮಾಡೋ ಕೆಲ್ಸ ಬೂಟು ಜೋಡಿಸಿಡೋದು. ಇಷ್ಟು ಅಚ್ಚುಕಟ್ಟಾಗಿ ಇಟ್ಟೋರನ್ನ ನಾನು ಕಂಡೇ ಇಲ್ಲ."

"ಅಯ್ಯೋ, ಕಲ್ಲು ಸೇರ್ಕೊಂಡಿತ್ತು ಒಳಗೆ!"

"ಗೊತ್ತು. ಮನಸ್ಸಿನೊಳಗೆ ಕಲ್ಲು ಸೇರ್ಕೊಂಡ್ರೆ ತೆಗೆಯೋದು ಕಷ್ಟ" ಎಂದ ಕಾವಾಬೆ. ಅವನ ಕಣ್ಣು ಒದ್ದೆಯಾಗಿತ್ತು.

ಆಗಲೇ ಪೈನ್ ಮರಗಳಾಚೆಯಿಂದ ಧ್ವನಿವರ್ಧಕದ ಕೂಗು ಕೇಳಿಸಿತು. "ತೋಕುನಾಗಾ ಯಾಸುಜಿ ಅವರೇ! ಎಲ್ಲಿದ್ರೂ ಬನ್ನಿ! ಮೂಗು ಕಾಯ್ತಾ ಇದೆ!"

"ಯಾರ್ರೀ ಅದು?"

"ನಮ್ಮ ಬೀದಿಯವರು" ಎಂದ ಯಾಸುಜಿ, ಅಳುವುದೊಂದು ಬಾಕಿ. "ನನ್ನನ್ನ ಆ ತುದೀಲಿ ನಿಲ್ಲಿಸ್ಲೇಬೇಕು ಅಂತ ಬಸ್ಸು ಮಾಡ್ಕೊಂಡು ಬಂದಿದಾರೆ. ಪಂದ್ಯಾನೂ ಕಟ್ಟಿದಾರೆ."

ಕಾವಾಬೆ ತಟ್ಟನೆ ಎದ್ದ. ನಿವೃತ್ತನಾದ ಮೇಲೆ ಮಡಿಸಿಟ್ಟಿದ್ದ ಪೊಲೀಸ್ ದನಿ ಅಂದು ಮತ್ತೆ ಹೊರಬಿತ್ತು. ಸಂಘದವರನ್ನೆಲ್ಲ ಗುಡಿಸಲ ಮುಂದೆ ಕುರಿಮಂದೆಯಂತೆ ಸೇರಿಸಿ ಬೈದದ್ದನ್ನು ಬೈಗುಳ ಅನ್ನುವುದು ಕಡಿಮೆಯೇ.

"ಸಾಯೋಕೆ ಕೂತಿದ್ದ ಮನುಷ್ಯನ್ನ ಮೈಕ್ ಹಿಡ್ಕೊಂಡು ಕರೀತೀರಲ್ರೀ! ನೀವೇನು ನೆರೆಹೊರೆಯವ್ರಾ, ಹದ್ದುಗಳಾ?"

ಕುವಾಬಾರಾನ ಮುಖ ಬಿಳಿಚಿಕೊಂಡಿತು. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಲ್ಲ, ನಾನು ಸಾಯೋಕೆ ಬಂದಿರಲಿಲ್ಲ ಎಂದು ಹೇಳಲು ಯಾಸುಜಿ ಬಾಯಿ ತೆರೆದ. ಅಷ್ಟರಲ್ಲಿ ಒತೋಮೆ ಅಜ್ಜಿ ಮುಂದೆ ಬಂದು ದಬಕ್ಕನೆ ಮಂಡಿಯೂರಿದಳು.

"ತಪ್ಪಾಯ್ತಪ್ಪಾ ಯಾಸುಜಿ! ನಿನ್ನ ಅಂಗಡಿ ಬಾಗಿಲಲ್ಲಿ ದಿನಾ ಗಲೀಜು ಮಾಡ್ತಿದ್ದದ್ದು ಬೀದಿನಾಯಿ ಅಲ್ಲ, ನನ್ನ ಬೆಕ್ಕು. ಅದಕ್ಕೆಲ್ಲ ನೀನು ಇಷ್ಟು ನೊಂದ್ಕೋತೀಯ ಅಂತ ಗೊತ್ತಿರ್ಲಿಲ್ಲ."

ಯಾಸುಜಿ ತೆರೆದ ಬಾಯಿ ಮುಚ್ಚಿದ.

ಕುವಾಬಾರಾನೂ ಸೊಂಟ ಮುರಿಯುವಷ್ಟು ಬಗ್ಗಿದ. "ತೋಕುನಾಗಾ ಅವ್ರೇ, ನೀವು ಇಸ್ತ್ರಿ ಮಾಡಿದ್ರೆ ಕಾಲರ್ ಸುಟ್ಟು ಹೋಗುತ್ತೆ ಅಂತ ಸುದ್ದಿ ಹಬ್ಬಿಸಿದ್ದು ನಾನೇ. ಸುಟ್ಟಿದ್ದು ನನ್ನ ಸಿಗರೇಟು. ಹೆಂಡ್ತಿಗೆ ಹೆದರಿ ನಿಮ್ಮ ಹೆಸರು ಹೇಳ್ಬಿಟ್ಟೆ."

ಗಿರಾಕಿಗಳು ಯಾಕೆ ಕಡಿಮೆಯಾದರು ಎಂದು ಯಾಸುಜಿ ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದ. ಈಗ ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ಬೆಚ್ಚನೆಯ ಸುಖ. ಹೀಗೆ ಬಗ್ಗಿದ ಕುವಾಬಾರಾನ ನೆತ್ತಿಯನ್ನು ಅವನು ಎಂದೂ ಕಂಡಿರಲಿಲ್ಲ, ನಡುವೆ ಬೋಳಾಗಿತ್ತು. ಯಾಸುಜಿ ನಿಧಾನವಾಗಿ ತಲೆ ತಗ್ಗಿಸಿ, "ಹೋಗ್ಲಿ ಬಿಡಿ. ಬದುಕು ಅಂದ್ಮೇಲೆ..." ಎಂದು ಮಾತು ನುಂಗಿದ. ಹೆಂಗಸರು ಕಣ್ಣೊರೆಸಿಕೊಂಡರು.

ಅಲ್ಲಿಂದ ಅವನದೇ ದರ್ಬಾರು. ಗುಡಿಸಲಿನಲ್ಲಿ ಬೆಂಕಿಯ ಹತ್ತಿರದ ಜಾಗ ಅವನಿಗೆ, ಕಂಬಳಿ ಅವನಿಗೆ. ಊಟದಂಗಡಿಯಿಂದ ತರಿಸಿದ ಏಡಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವನಿಗೆ. ಅದರ ಕಾಲು ಮುರಿದು ಮಾಂಸ ಬಿಡಿಸಿ ಕೊಡುವ ಕೆಲಸ ಅಧ್ಯಕ್ಷರದು. ಮೂಗು, ಒಂಟಿ ಕಾಲು ಎಂಬ ಶಬ್ದಗಳನ್ನು ಯಾರೂ ಎತ್ತಲಿಲ್ಲ. ಸುಮಿಯೆ ಮಾತ್ರ ಬಾಗಿಲ ಬಳಿ ಕೂತು, ಗಂಡ ಏಡಿ ತಿನ್ನುವ ಭರಾಟೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬದುಕು ಬೇಡವೆಂದವನು ಯಾವ ಏಡಿಯ ಕಾಲನ್ನೂ ಹಾಗೆ ಚೀಪುವುದಿಲ್ಲ.

ಕಾವಾಬೆ ಚಹಾದ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತ. "ನಾನು ಯಾಕೆ ಈ ಕೆಲಸಕ್ಕೆ ಬಂದೆ ಗೊತ್ತಾ? ಒಂದ್ಸಲ ಇಲ್ಲಿ ಒಬ್ಬಳು ಹೆಣ್ಣುಮಗಳು ಕೂತಿದ್ದನ್ನ ದೂರದಿಂದ ನೋಡ್ದೆ. ಕೈಯಲ್ಲಿ ಚಹಾ ಇತ್ತು. ಕುಡಿದು ಹೋದ್ರಾಯ್ತು ಅಂದ್ಕೊಂಡೆ. ಹೋಗಿ ನೋಡಿದ್ರೆ ಬಂಡೆ ಮೇಲೆ ಬರೀ ಬೂಟಿದ್ವು." ಅವನು ಬಟ್ಟಲನ್ನು ಕೆಳಗಿಟ್ಟ. "ಅವತ್ತಿಂದ ನಾನು ಚಹಾ ಬಿಸಿಯಾಗಿ ಕುಡಿದಿಲ್ಲ. ಇವತ್ತು ನಿಮ್ಮ ತೋಳು ಸಿಕ್ತಲ್ಲ, ರಾತ್ರಿ ನಿದ್ದೆ ಬರುತ್ತೆ."

ಯಾಸುಜಿಯ ಎದೆಯೊಳಗೆ ಏನೋ ಚುಚ್ಚಿತು. ಈ ಮುದುಕನಿಗಾದರೂ ನಿಜ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಕುವಾಬಾರಾ ಏಡಿಯ ಚಿಪ್ಪಿನಲ್ಲಿ ಬಿಸಿ ಮದ್ಯ ಸುರಿದು ಮುಂದೆ ಹಿಡಿದ. ಯಾಸುಜಿ ಮದ್ಯದ ಜೊತೆಗೆ ಚುಚ್ಚಿದ್ದನ್ನೂ ನುಂಗಿಬಿಟ್ಟ.

"ಆದ್ರೆ ಒಂದು ಮಾತು" ಎಂದು ಕಾವಾಬೆ ಎಲ್ಲರಿಗೂ ಕೇಳುವಂತೆ ಹೇಳಿದ. "ಉಳಿಸಿದ್ದಷ್ಟಕ್ಕೇ ನಮ್ಮ ಕೆಲಸ ಮುಗಿಯಲ್ಲ. ಒಂಟಿಯಾಗಿ ಬಿಟ್ರೆ ಮತ್ತೆ ಬರ್ತಾರೆ. ಅದಕ್ಕೇ ಇವ್ರನ್ನ ನಮ್ಮ ತಂಡಕ್ಕೇ ಸೇರಿಸ್ಕೋತೀವಿ. ಭಾನುವಾರ ಜನ ಜಾಸ್ತಿ. ತುದೀಲಿ ನಿಂತು ಕಾಯೋಕೆ ಒಬ್ರು ಬೇಕಾಗಿತ್ತು."

ಯಾಸುಜಿಯ ಕೈಯಿಂದ ಚಿಪ್ಪು ಜಾರಿತು. "ತುದೀಲಿ ಅಂದ್ರೆ?"

"ಮೂಗಿನ ತುದೀಲಿ. ಎರಡೂ ಕಡೆ ಕಾಣೋ ಜಾಗ ಅದೊಂದೇ."

"ಇಲ್ಲ! ಇಲ್ಲ ಸ್ವಾಮೀ!" ಯಾಸುಜಿ ಕಂಬಳಿ ಕಿತ್ತೆಸೆದು ಎದ್ದು ನಿಂತ. ಕೊನೆಗೂ ನಿಜ ಹೊರಬಿತ್ತು, ಕುದಿಯುವ ಅನ್ನ ಮುಚ್ಚಳ ಹಾರಿಸಿದ ಹಾಗೆ. "ನಾನು ಸಾಯೋಕೆ ಬಂದೋನಲ್ಲ! ನನಗೆ ಎತ್ತರ ಅಂದ್ರೆ ಭಯ! ಆ ತುದಿ ನೆನೆಸ್ಕೊಂಡ್ರೇ ಜೀವ ಹೋಗುತ್ತೆ!"

ಕಾವಾಬೆಯ ಮುಖ ಅರಳಿತು.

"ಕೇಳಿದ್ರಾ? ಭಯ ಅಂತಿದಾರೆ! ಬೆಳಿಗ್ಗೆ ಅಲ್ಲಿ ಕೂತಿದ್ದ ಮನುಷ್ಯ ಈಗ ಬೀಳೋಕೆ ಹೆದರ್ತಿದಾರೆ! ಬದುಕೋ ಆಸೆ ವಾಪಸ್ ಬಂತು ಅಂತ ಇದರರ್ಥ!"

ಚಪ್ಪಾಳೆಗೆ ಗುಡಿಸಲ ತಗಡು ಅದುರಿತು. ಒತೋಮೆ ಅಜ್ಜಿ ಗಟ್ಟಿಯಾಗಿ ಅತ್ತಳು. ಕುವಾಬಾರಾ ಬಂದು ಅಪ್ಪಿಕೊಂಡ. ಈ ಸಲ ಅವನ ಹಲ್ಲುಗಳಲ್ಲಿ ಕುಹಕವಿರಲಿಲ್ಲ, ಅದೇ ಇನ್ನೂ ಭಯಂಕರ. "ಸಂಘದ ಕಡೆಯಿಂದ ಪ್ರತಿ ಭಾನುವಾರ ಇವ್ರನ್ನ ಇಲ್ಲಿಗೆ ಕರ್ಕೊಂಡು ಬರೋದು ನನ್ನ ಜವಾಬ್ದಾರಿ!" ಎಂದು ಘೋಷಿಸಿದ.

"ಮನೆಯವರ ಒಪ್ಪಿಗೆ ಬೇಕು" ಎಂದು ಕಾವಾಬೆ ಸುಮಿಯೆಯ ಕಡೆ ತಿರುಗಿದ.

ಯಾಸುಜಿ ಓಡಿ ಹೋಗಿ ಹೆಂಡತಿಯ ಪಕ್ಕ ಕುಕ್ಕರಿಸಿ, ಕಿವಿಯಲ್ಲಿ ಗೋಗರೆದ. "ಸುಮಿಯೆ, ನಿಜ ಹೇಳ್ತೀನಿ, ನಾನು ಒನಿಬಾನಾಗೆ ಯಾವತ್ತೂ ಬಂದೋನೇ ಅಲ್ಲ ಕಣೇ. ಎತ್ತರ ಅಂದ್ರೆ ನನಗೆ..."

"ಗೊತ್ತು" ಎಂದಳು ಅವಳು ಅಷ್ಟೇ ಮೆಲ್ಲಗೆ. "ಮದುವೆಯಾದಾಗಿಂದ ಮನೇಲಿ ಬಲ್ಬ್ ಹಾಕ್ತಿರೋದು ಯಾರು?"

"ಹಾಗಾದ್ರೆ ಹೇಳೇ ಅವ್ರಿಗೆ! ನಿನ್ನ ಮಾತು ನಂಬ್ತಾರೆ!"

ಸುಮಿಯೆ ಅವನ ತುಟಿಯಂಚಿಗೆ ಅಂಟಿದ್ದ ಏಡಿಯ ಚೂರನ್ನು ಕರವಸ್ತ್ರದಿಂದ ಒರೆಸಿದಳು. ಅಂಗಡಿಗೆ ರಜವಿರುವ ದಿನ ವಾರಕ್ಕೆ ಆ ಭಾನುವಾರ ಒಂದೇ. ಆ ದಿನ ಈ ಮನುಷ್ಯ ಬೆಳಗಿನಿಂದ ಟಿ.ವಿ. ಮುಂದೆ ಒರಗಿಕೊಂಡು, ಚಹಾ ತಾ, ಹಣ್ಣು ಸುಲಿ, ಕಿಟಕಿ ಮುಚ್ಚು ಎನ್ನುತ್ತ ಕಳೆಯುತ್ತಾನೆ. ಅವಳು ಎರಡೂ ಕೈಗಳನ್ನು ನೆಲಕ್ಕೂರಿ, ಹಣೆ ನೆಲ ಮುಟ್ಟುವಂತೆ ಕಾವಾಬೆಗೆ ಬಾಗಿದಳು.

"ದಯವಿಟ್ಟು ಸೇರಿಸ್ಕೊಳ್ಳಿ" ಎಂದಳು. "ಶನಿವಾರಾನೂ ಬೇಕಿದ್ರೆ ಕಳಿಸ್ತೀನಿ."